ಗಳಿಗೆ ತಿಳಿಯದ ನಿರೀಕ್ಷೆ

ಮುಂದೆ ನಡೆಯಲಿರುವುದನ್ನು ದೈವದ ನುಡಿಯಿಂದ ತಿಳಿಯಬೇಕೆಂಬ ಹಂಬಲ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಜನಕ್ಕೆ ಹೊಸದಲ್ಲ. ಪ್ರತಿವರ್ಷ ದಸರೆಯ ವೇಳೆಗೆ ಬೀರೂರಿನ ಮೈಲಾರಲಿಂಗಸ್ವಾಮಿಯ ಕಾರ್ಣಿಕ ಕೇಳಲು ಸುತ್ತಲಿನ ಹಳ್ಳಿಗಳಿಂದ ಜನ ಸೇರುತ್ತಾರೆ. ಅಲ್ಲಿ ಹೊರಬೀಳುವ ಗೂಢವಾದ ಒಂದೆರಡು ಮಾತು ಆ ವರ್ಷದ ಮಳೆಬೆಳೆಗೆ ಹೇಗೆ ಹೊಂದುತ್ತದೆ, ರಾಜಕೀಯಕ್ಕೆ ಹೇಗೆ ಹೊಂದುತ್ತದೆ ಎಂಬ ಚರ್ಚೆ ಮರುದಿನದಿಂದ ಊರೂರಲ್ಲೂ ಪತ್ರಿಕೆಗಳಲ್ಲೂ ನಡೆಯುತ್ತದೆ. ನೆರೆಯ ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿ ಕೋಡಿಮಠದ ಭವಿಷ್ಯವಾಣಿಯೂ ಇದೇ ಗಮನ ಪಡೆಯುತ್ತದೆ. ಇನ್ನೂ ಹಿಂದಕ್ಕೆ ಹೋದರೆ, ಕೊಡೇಕಲ್ಲ ಬಸವಣ್ಣನ ಪರಂಪರೆಯೂ ಸೇರಿದಂತೆ, ಯುಗ ಬದಲಾಗುವ ಹೊತ್ತಿನ ಲಕ್ಷಣಗಳನ್ನು ಹೇಳುವ ಕಾಲಜ್ಞಾನ ಸಾಹಿತ್ಯದ ದೊಡ್ಡ ರಾಶಿಯೇ ಕನ್ನಡದಲ್ಲಿದೆ. ಬಾಬಾಬುಡನ್‌ಗಿರಿಯ ತಪ್ಪಲಿನಲ್ಲಿ, ಕೆಮ್ಮಣ್ಣುಗುಂಡಿಯ ದಾರಿಯಲ್ಲಿರುವ ಲಿಂಗದಹಳ್ಳಿಯಂಥ ಹೋಬಳಿ ಊರಿನ ಓದುಗರಿಗೆ ಕ್ರೈಸ್ತರ ಅಂತ್ಯಕಾಲದ ಪ್ರವಾದನೆಯ ವಿಚಾರವನ್ನು ವಿವರಿಸುವಾಗ ಈ ಹಿನ್ನೆಲೆಯಿಂದ ಹೊರಡುವುದೇ ಸರಿ; ಏಕೆಂದರೆ ಕ್ರೈಸ್ತ ಪ್ರವಾದನೆಯು ಇವುಗಳಿಗೆ ಎಲ್ಲಿ ಹತ್ತಿರ, ಎಲ್ಲಿ ದೂರ ಎಂಬುದು ಗೊತ್ತಾದರೆ, ಆ ನಂಬಿಕೆಯವರು ಅದನ್ನು ಇತರರಿಗೆ ಏಕೆ ತಿಳಿಸಹೊರಡುತ್ತಾರೆ ಎಂಬುದೂ ಗೊತ್ತಾಗುತ್ತದೆ.

ಯೇಸು ಕ್ರಿಸ್ತನು ಸತ್ತು ಎದ್ದು ಪರಲೋಕಕ್ಕೆ ಏರಿಹೋದನು, ಒಂದು ದಿನ ಮಹಿಮೆಯಿಂದ ಮರಳಿ ಬಂದು ಬದುಕಿರುವವರಿಗೂ ಸತ್ತವರಿಗೂ ನ್ಯಾಯತೀರಿಸುವನು ಎಂಬುದು ಎಲ್ಲ ಕ್ರೈಸ್ತ ಸಭೆಗಳೂ ಒಪ್ಪಿರುವ ವಿಶ್ವಾಸ. ಕನ್ನಡದ ಪ್ರೊಟೆಸ್ಟಂಟ್ ಸಭೆಗಳಲ್ಲಿ ಇದನ್ನು ಎರಡನೆಯ ಬರೋಣ ಅಥವಾ ಕರ್ತನ ಬರೋಣ ಎನ್ನುತ್ತಾರೆ. ಕಥೋಲಿಕರಲ್ಲಿ ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲವು ಹಿಂದೆ ಬಂದವನನ್ನು ಸ್ಮರಿಸುವಂತೆಯೇ ಮುಂದೆ ಬರುವವನಿಗಾಗಿ ಸಿದ್ಧವಾಗುವ ಕಾಲವೂ ಆಗಿದೆ. ಆ ಬರೋಣಕ್ಕೆ ಮುಂಚಿನ ಯುದ್ಧ, ಬರ, ಹಿಂಸೆ, ಸುಳ್ಳು ಪ್ರವಾದಿಗಳ ಕಾಲವನ್ನು ಕಡೇ ದಿನಗಳು ಎಂದು ಕರೆಯುವುದುಂಟು. ಈ ವಿಷಯದ ಆಧಾರಗಳು ಮುಖ್ಯವಾಗಿ ಹಳೆಯ ಒಡಂಬಡಿಕೆಯ ದಾನಿಯೇಲನ ಗ್ರಂಥ, ಮತ್ತಾಯ, ಮಾರ್ಕ ಮತ್ತು ಲೂಕರ ಸುವಾರ್ತೆಗಳಲ್ಲಿ ಬರುವ ಯೇಸುವಿನ ಉಪದೇಶ, ಪೌಲ ಮತ್ತು ಪೇತ್ರರ ಪತ್ರಗಳು, ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆ.

ಪ್ರಕಟನೆ ಗ್ರಂಥದ ಹೆಸರು ಕೇಳಿದೊಡನೆ ಮೃಗ, ಮುದ್ರೆ, ತುತೂರಿ, 666 ಎಂಬ ಸಂಖ್ಯೆ ಇವುಗಳೇ ನೆನಪಿಗೆ ಬರುತ್ತವೆಯಾದರೂ, ಅದು ಮೊದಲಿಗೆ ಒಂದು ಪತ್ರ ಎಂಬುದನ್ನು ಮರೆಯಲಾಗದು. ರೋಮ್ ಸಾಮ್ರಾಜ್ಯದ ದಬ್ಬಾಳಿಕೆಯ ಕಾಲದಲ್ಲಿ, ಹೆಚ್ಚಿನ ವಿದ್ವಾಂಸರ ಅಭಿಪ್ರಾಯದಂತೆ ಒಂದನೆಯ ಶತಮಾನದ ಕೊನೆಯ ಭಾಗದಲ್ಲಿ, ಪತ್ಮೋಸ್ ದ್ವೀಪದಲ್ಲಿದ್ದ ಯೋಹಾನನೆಂಬವನು ಈಗಿನ ಟರ್ಕಿ ದೇಶದಲ್ಲಿರುವ ಎಫೆಸ, ಸ್ಮುರ್ನ, ಪೆರ್ಗಮ ಮೊದಲಾದ ಏಳು ಊರುಗಳ ಸಭೆಗಳಿಗೆ ಅದನ್ನು ಬರೆದನು. ಚಕ್ರವರ್ತಿಯನ್ನು ದೇವರೆಂದು ಪೂಜಿಸಲು ಒಪ್ಪದೆ ಕಷ್ಟಕ್ಕೆ ಸಿಕ್ಕಿದ್ದ ಸಣ್ಣ ಗುಂಪುಗಳಿಗೆ, ಅನ್ಯಾಯದ ಆಳಿಕೆ ಶಾಶ್ವತವಲ್ಲ, ಕಣ್ಣೀರೂ ಮರಣವೂ ಇಲ್ಲದ ಹೊಸ ಭೂಮಿ ಬರಲಿದೆ ಎಂದು ಧೈರ್ಯ ಹೇಳುವುದೇ ಅದರ ಉದ್ದೇಶ. ಹೆದರಿದವರಿಗೆ ಧೈರ್ಯ ತುಂಬಲು ಬರೆದ ಪುಸ್ತಕವನ್ನು ಧೈರ್ಯವಾಗಿರುವವರನ್ನು ಹೆದರಿಸಲು ಬಳಸುವುದು ಅದಕ್ಕೆ ಮಾಡುವ ದೊಡ್ಡ ಅನ್ಯಾಯ.

ಅಂತ್ಯದ ಪ್ರವಾದನೆಗೂ ವಿಶ್ವಾಸವನ್ನು ಹಂಚಿಕೊಳ್ಳುವುದಕ್ಕೂ ಇರುವ ನಂಟು ಅತ್ಯಂತ ಸ್ಪಷ್ಟವಾಗಿ ಕಾಣುವುದು ಬೈಬಲಿನ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ ಮೊದಲನೆಯ ಅಧ್ಯಾಯದಲ್ಲಿ. ಇಸ್ರಾಯೇಲ್ಯರ ರಾಜ್ಯ ಮರುಸ್ಥಾಪನೆಯಾಗುವುದು ಈಗಲೋ ಎಂದು ಶಿಷ್ಯರು ಕೇಳುತ್ತಾರೆ. ಅದಕ್ಕೆ ಯೇಸು ಕೊಡುವ ಉತ್ತರದಲ್ಲಿ ತಾರೀಕೂ ಇಲ್ಲ, ಲಕ್ಷಣಗಳ ಪಟ್ಟಿಯೂ ಇಲ್ಲ. ಕಾಲಸಮಯಗಳನ್ನು ಅರಿಯುವುದು ಅವರ ಕೆಲಸವಲ್ಲ, ಪವಿತ್ರಾತ್ಮನ ಬಲ ಹೊಂದಿ ಯೆರೂಸಲೇಮಿನಿಂದ ಭೂಮಿಯ ಕಟ್ಟಕಡೆಯವರೆಗೆ ಸಾಕ್ಷಿಗಳಾಗಿರುವುದೇ ಅವರ ಕೆಲಸ ಎಂಬುದು ಆ ಉತ್ತರದ ತಿರುಳು. ಆ ದಿನವನ್ನೂ ಗಳಿಗೆಯನ್ನೂ ದೇವದೂತರೂ ಅರಿಯರು, ಮಗನೂ ಅರಿಯನು, ತಂದೆಯೊಬ್ಬನೇ ಬಲ್ಲನು ಎಂಬ ಅರ್ಥದ ಮಾತನ್ನು ಮಾರ್ಕನ ಸುವಾರ್ತೆ ಯೇಸುವಿನ ಬಾಯಲ್ಲೇ ಇಡುತ್ತದೆ. ಕಾರ್ಣಿಕಕ್ಕೂ ಕ್ರೈಸ್ತ ಪ್ರವಾದನೆಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ: ಕಾರ್ಣಿಕ ಬರುವ ವರ್ಷದ ಬಗ್ಗೆ ಹೇಳುತ್ತದೆ; ಯೇಸುವಿನ ಮಾತು ವರ್ಷವನ್ನು ಬೇಕೆಂದೇ ಮರೆಮಾಡಿ, ಕೇಳಿದವನ ಕೈಗೆ ಒಂದು ಹೊಣೆಯನ್ನು ಕೊಡುತ್ತದೆ.

ಈ ಮಾತು ಮೊದಲ ತಲೆಮಾರಿನಲ್ಲಿಯೇ ಎಡವಟ್ಟಿಗೆ ಸಿಕ್ಕಿತು. ಥೆಸಲೋನಿಕ ಪಟ್ಟಣದ ಕ್ರೈಸ್ತ ಸಭೆಯಲ್ಲಿ ಕೆಲವರು ಕೆಲಸವಿಲ್ಲದೆ ತಿರುಗುತ್ತ ಇತರರ ಅನ್ನಕ್ಕೆ ಕೈಚಾಚಿದ್ದರು. ಕರ್ತನ ದಿನ ಬಂದೇಬಿಟ್ಟಿತೆಂಬ ಗಾಳಿಮಾತೂ ಅಲ್ಲಿ ಹಬ್ಬಿದ್ದುದರಿಂದ, ಇನ್ನು ದುಡಿಯುವುದೇಕೆ ಎಂಬ ಭಾವನೆಯೇ ಇದಕ್ಕೆ ಕಾರಣವಿರಬೇಕೆಂದು ಅನೇಕ ವ್ಯಾಖ್ಯಾನಕಾರರು ಊಹಿಸುತ್ತಾರೆ. ಪೌಲನ ಹೆಸರಿನಲ್ಲಿ ಅವರಿಗೆ ಬರೆದ ಎರಡನೆಯ ಪತ್ರ, ದುಡಿಯಲೊಲ್ಲದವನು ಉಣ್ಣಲೂಬಾರದೆಂದು ಖಂಡಿತವಾಗಿ ಹೇಳುತ್ತದೆ. ಪೇತ್ರನ ಎರಡನೆಯ ಪತ್ರವಂತೂ ಬರೋಣ ತಡವಾಗುತ್ತಿರುವುದನ್ನೇ ಕರುಣೆಯೆಂದು ಓದುತ್ತದೆ. ಯಾರೂ ನಾಶವಾಗದೆ ಎಲ್ಲರೂ ಮನ ತಿರುಗಿಸಲೆಂದು ದೇವರು ತಾಳ್ಮೆಯಿಂದಿದ್ದಾನೆ ಎಂಬುದು ಅದರ ವಾದ.

ಪ್ರಕಟನೆಯ 20ನೆಯ ಅಧ್ಯಾಯದಲ್ಲಿ ಬರುವ ಕ್ರಿಸ್ತನ ಸಾವಿರ ವರ್ಷದ ಆಳಿಕೆಯ ವಿಷಯದಲ್ಲಿ ಮಾತ್ರ ಕ್ರೈಸ್ತರಲ್ಲಿ ಒಮ್ಮತವಿಲ್ಲ. ಸಂತ ಅಗಸ್ಟಿನನು (354–430) ಅದನ್ನು ಸಾಂಕೇತಿಕವಾಗಿ ತೆಗೆದುಕೊಂಡು, ಕ್ರಿಸ್ತನ ಮೊದಲ ಬರೋಣದಿಂದ ಕೊನೆಯ ದಿನದವರೆಗಿನ ಸಭೆಯ ಕಾಲವೇ ಆ ಆಳಿಕೆ ಎಂದನು. ಕಥೋಲಿಕ ಸಭೆಯೂ ಹಳೆಯ ಪ್ರೊಟೆಸ್ಟಂಟ್ ಸಭೆಗಳೂ ಬಹುಮಟ್ಟಿಗೆ ಈ ದಾರಿಯಲ್ಲೇ ನಡೆದವು. ಸುವಾರ್ತೆ ಲೋಕವನ್ನೆಲ್ಲ ವ್ಯಾಪಿಸಿ ಒಳ್ಳೆಯ ಕಾಲ ಬಂದ ಬಳಿಕ ಕ್ರಿಸ್ತನು ಬರುವನೆಂದು ಕೆಲವರೂ, ಅವನು ಬಂದ ಮೇಲೆಯೇ ಆ ಆಳಿಕೆ ಆರಂಭವಾಗುವುದೆಂದು ಮತ್ತೆ ಕೆಲವರೂ ನಂಬಿದರು. ಕೊನೆಯ ಗುಂಪಿನ ವಿಚಾರಗಳಿಗೆ 19ನೆಯ ಶತಮಾನದಲ್ಲಿ ಬ್ರೆದರನ್ ಪಂಥದ ಜಾನ್ ನೆಲ್ಸನ್ ಡಾರ್ಬಿ ಹೊಸ ಚೌಕಟ್ಟು ಕೊಟ್ಟನು. ಮಹಾಸಂಕಟದ ಕಾಲಕ್ಕೆ ಮುಂಚೆ ವಿಶ್ವಾಸಿಗಳು ಮೇಲಕ್ಕೆ ಎತ್ತಲ್ಪಡುವರೆಂಬ, ಇಂದು ಕನ್ನಡದ ಹಲವು ಸ್ವತಂತ್ರ ಸಭೆಗಳಲ್ಲಿ ಕೇಳಿಬರುವ ಬೋಧನೆ 1909ರಲ್ಲಿ ಅಚ್ಚಾದ ಸ್ಕೋಫೀಲ್ಡ್ ಟಿಪ್ಪಣಿಗಳ ಬೈಬಲಿನ ಮೂಲಕ ಲೋಕದಾದ್ಯಂತ ಹರಡಿತು.

ಕನ್ನಡ ನಾಡಿನ ಇತಿಹಾಸದಲ್ಲಿ ಈ ವಿಷಯ ಬರೀ ಮತತತ್ತ್ವದ ಚರ್ಚೆಯಾಗಿ ಉಳಿಯಲಿಲ್ಲ. ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದಲ್ಲಿ ಪಯಟಿಸಂ ಎಂಬ ಭಕ್ತಿಪಂಥ, ಅಂದರೆ ಶುಷ್ಕ ಸಿದ್ಧಾಂತಕ್ಕಿಂತ ಹೃದಯದ ಪರಿವರ್ತನೆಯೂ ಮನೆಮನೆಯ ಬೈಬಲ್ ಓದೂ ಮುಖ್ಯವೆಂದ ಚಳವಳಿ, ಬಲವಾಗಿ ಬೇರೂರಿತ್ತು. ಅದರ ದೊಡ್ಡ ಪಂಡಿತ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ (1687–1752). 1734ರಲ್ಲಿ ಗ್ರೀಕ್ ಹೊಸ ಒಡಂಬಡಿಕೆಯ ಹಸ್ತಪ್ರತಿಗಳನ್ನು ಹೋಲಿಸಿ ಶ್ರದ್ಧೆಯಿಂದ ಪಾಠ ಸಂಪಾದನೆ ಮಾಡಿದ ಈತನೇ ಪ್ರಕಟನೆಯ ಸಂಖ್ಯೆಗಳನ್ನೂ ಕೂಡಿಸಿ ಕಳೆದು, 1836ರಲ್ಲಿ ಮಹಾತಿರುವು ಬಂದು ಸಾವಿರ ವರ್ಷದ ಕಾಲ ಆರಂಭವಾಗುವುದೆಂದು ಲೆಕ್ಕ ಹಾಕಿದನು. ಆ ವರ್ಷ ಏನೂ ಆಗದೆ ಕಳೆದರೆ ತನ್ನ ಪದ್ಧತಿಯ ಬುಡದಲ್ಲೇ ತಪ್ಪಿರಬೇಕು ಎಂದು ಅವನೇ ಒಪ್ಪಿಕೊಂಡಿದ್ದುದು ಅವನ ಪ್ರಾಮಾಣಿಕತೆಗೆ ಸಾಕ್ಷಿ. ಆದರೆ ಜನಸಾಮಾನ್ಯರಿಗೆ ತಲುಪಿದ್ದು ಆ ಎಚ್ಚರಿಕೆಯಲ್ಲ, ವರ್ಷ ಮಾತ್ರ. ನೆಪೋಲಿಯನ್ ಯುದ್ಧಗಳ ಬೇಗೆ, 1816ರ ಬೆಳೆನಾಶ, ಅದರ ಹಿಂದೆಯೇ ಬಂದ ಹಸಿವು ಎಲ್ಲವೂ ಕೂಡಿದ್ದರಿಂದ, 1817ರಲ್ಲಿ ಸಾವಿರಾರು ಮಂದಿ ಪೂರ್ವದಲ್ಲಿ ಆಶ್ರಯಸ್ಥಾನ ಹುಡುಕಿ ರಷ್ಯದ ದಕ್ಷಿಣ ಭಾಗಕ್ಕೂ ಕಾಕಸಸ್ ಪ್ರದೇಶಕ್ಕೂ ಹೊರಟುಹೋದರು. ಈ ವಲಸೆಯನ್ನು ತಡೆಯಲು ವುರ್ಟೆಂಬರ್ಗಿನ ರಾಜ 1819ರಲ್ಲಿ ಕಾರ್ನ್‌ಟಾಲ್ ಎಂಬಲ್ಲಿ ಭಕ್ತರದೇ ಒಂದು ಊರು ಕಟ್ಟಲು ಅನುಮತಿ ಕೊಟ್ಟನು. ಆ ಊರಿನ ಸ್ಥಾಪಕ ಗಾಟ್ಲೀಬ್ ವಿಲ್ಹೆಲ್ಮ್ ಹಾಫ್‌ಮನ್‌ನ ಇಬ್ಬರು ಮಕ್ಕಳ ದಾರಿಗಳನ್ನು ಗಮನಿಸಬೇಕು. ಒಬ್ಬನಾದ ಕ್ರಿಸ್ಟೋಫ್, ಪ್ರವಾದನೆಯ ನೆರವೇರಿಕೆಗಾಗಿ ದೇವಜನರನ್ನು ಪವಿತ್ರ ನಾಡಿನಲ್ಲಿ ಸೇರಿಸಬೇಕೆಂದು ಟೆಂಪ್ಲರ್ ಪಂಥ ಕಟ್ಟಿ 1868ರಲ್ಲಿ ಪ್ಯಾಲೆಸ್ಟೈನಿಗೆ ಹೋದನು. ಮತ್ತೊಬ್ಬನಾದ ವಿಲ್ಹೆಲ್ಮ್ 1839ರಿಂದ 1850ರವರೆಗೆ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಮುಖ್ಯಾಧಿಕಾರಿಯಾಗಿ, ಮಂಗಳೂರು, ಧಾರವಾಡ, ಹುಬ್ಬಳ್ಳಿಗಳ ಕೆಲಸವನ್ನು ಸ್ವಿಟ್ಜರ್ಲೆಂಡಿನಿಂದ ನಿರ್ದೇಶಿಸಿದನು. ಒಂದೇ ಮನೆಯಲ್ಲಿ ಹುಟ್ಟಿದ ನಿರೀಕ್ಷೆ ಒಬ್ಬನನ್ನು ಒಂದು ಸ್ಥಳದ ಕಡೆಗೆ ಸೆಳೆಯಿತು, ಇನ್ನೊಬ್ಬನನ್ನು ಜನರ ಕಡೆಗೆ ಸೆಳೆಯಿತು.

ಬಾಸೆಲ್ ಮಿಷನ್ ಸ್ಥಾಪನೆಯಾದದ್ದು 1815ರಲ್ಲಿ. ಅದು ಕಳಿಸಿದ ಸ್ಯಾಮುವೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ 1834ರಲ್ಲಿ ಮಂಗಳೂರು ತಲುಪಿದರು. ಬೆಂಗೆಲನು ಗುರುತು ಹಾಕಿದ್ದ 1836ರಲ್ಲಿಯೇ ವುರ್ಟೆಂಬರ್ಗಿನವನೇ ಆದ ಹರ್ಮನ್ ಮೋಗ್ಲಿಂಗ್ ಕನ್ನಡ ಕರಾವಳಿಗೆ ಬಂದನು. ಲೋಕ ಮುಗಿಯಲಿಲ್ಲ, ಇಪ್ಪತ್ತೈದು ವರ್ಷದ ಆ ಯುವಕ ಕನ್ನಡ ಕಲಿಯತೊಡಗಿದನು.

ಕನ್ನಡದ ಕಾಲಜ್ಞಾನಕ್ಕೂ ಜರ್ಮನ್ ನಿರೀಕ್ಷೆಗೂ ಮುಖಾಮುಖಿಯಾದ ಪ್ರಸಂಗವೊಂದು ಈ ಇತಿಹಾಸದಲ್ಲಿದೆ. ಅದಕ್ಕೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. ಧಾರವಾಡ ಮತ್ತು ಹುಬ್ಬಳ್ಳಿಯಲ್ಲಿ ನೆಲೆಸಿದ್ದ ಮಿಷನರಿಗಳಿಗೆ 1840ರ ಆಸುಪಾಸಿನಲ್ಲಿ ಆ ಭಾಗದ ಲಿಂಗಾಯತರ ನಡುವೆ ಕಾಲಜ್ಞಾನದ ನುಡಿಗಳನ್ನು ನಂಬಿ ಹೊಸ ಯುಗವನ್ನು ಕಾಯುತ್ತಿದ್ದ ಗುಂಪುಗಳ ಪರಿಚಯವಾಯಿತು. ಆ ನುಡಿಗಳು ತಮ್ಮ ಆಗಮನವನ್ನೇ ಸೂಚಿಸುತ್ತವೆಂದು ಮಿಷನರಿಗಳು ತಿಳಿದರು. ಊರಿಗೆ ಊರೇ ಕ್ರಿಸ್ತನ ಕಡೆಗೆ ತಿರುಗುವುದೆಂಬ ಭರವಸೆಯಲ್ಲಿ, ಬರುವವರಿಗೆ ಹೊಲಮನೆ ಒದಗಿಸಲು ಗದಗದ ಬಳಿಯ ಮಲ್ಲಸಮುದ್ರದಲ್ಲಿ ಒಂದು ಕೃಷಿ ನೆಲೆಯನ್ನೂ ತೆರೆದರು. ನಿರೀಕ್ಷಿಸಿದ ಜನಪ್ರವಾಹ ಬರಲೇ ಇಲ್ಲ. ಎರಡು ಕಡೆಯವರೂ ತಮ್ಮ ತಮ್ಮ ಪ್ರವಾದನೆಯ ಕನ್ನಡಿಯಲ್ಲಿ ಎದುರಿನವರನ್ನು ನೋಡಿದ್ದರೇ ಹೊರತು ಎದುರಿನವರನ್ನೇ ನೋಡಿರಲಿಲ್ಲ ಎಂದು ಹೇಳಬೇಕಾಗುತ್ತದೆ. ನೆರೆಯವನ ಗ್ರಂಥದಲ್ಲಿ ತನ್ನ ಮತದ ಸೂಚನೆಗಳನ್ನು ಹುಡುಕಿ ತೋರಿಸುವ ಅಭ್ಯಾಸ ಇಂದಿಗೂ ಕೆಲವು ಪ್ರಚಾರಕರಲ್ಲಿದೆ. ಅಂಥವರಿಗೆ ಮಲ್ಲಸಮುದ್ರದ ಅನುಭವ ಬಹಳ ಹಿಂದೆಯೇ ಉತ್ತರ ಕೊಟ್ಟಿದೆ.

ಬಾಸೆಲ್ ಮಿಷನ್ನಿನಿಂದ ನಾಡಿನಲ್ಲಿ ಉಳಿದದ್ದು ಬೇರೆ ಬಗೆಯ ಕೆಲಸ. 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯ ಬಂತು. 1843ರ ಜುಲೈ 1ರಂದು ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆಯೆನಿಸಿತು; ಆ ದಿನವನ್ನು ಈಗಲೂ ಕರ್ನಾಟಕದಲ್ಲಿ ಪತ್ರಿಕಾ ದಿನವಾಗಿ ಆಚರಿಸುತ್ತಾರೆ. 1848ರಿಂದ ಆತ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವನ್ನು ಅಚ್ಚು ಹಾಕಿಸಿದನು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ ಯೇಸುವಿನ ಜೀವನವನ್ನು ಈ ನೆಲದ ಛಂದಸ್ಸಿನಲ್ಲಿ ಹೇಳಿದ ‘ಕಥಾಮಾಲೆ’ಯನ್ನು 1862ರಲ್ಲಿ ಪ್ರಕಟಿಸಿ, ಮುಂದೆ ದಶಕಗಳ ದುಡಿಮೆಯ ಫಲವಾಗಿ ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಹೊರತಂದನು. ಕ್ರಿಸ್ತನ ಬರೋಣ ಎಂದಾದರೂ ಆಗಬಹುದೆಂದು ನಂಬಿದವರು ಹೀಗೆ ತಲೆಮಾರುಗಳವರೆಗೆ ಬಾಳುವ ಕೆಲಸಕ್ಕೆ ಕೈಹಾಕಿದ್ದು ಮೇಲುನೋಟಕ್ಕೆ ವಿರೋಧಾಭಾಸವೆನಿಸಿದರೂ, ಥೆಸಲೋನಿಕದವರಿಗೆ ಬಂದ ಬುದ್ಧಿಮಾತಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಕನ್ನಡದಲ್ಲಿ ಸಿಗುವುದು ಕಷ್ಟ. ಒಬ್ಬನಿಗೆ ವಿಶ್ವಾಸವನ್ನು ತಿಳಿಸಬೇಕಾದರೆ ಮೊದಲು ಅವನ ಮಾತನ್ನು ಕಲಿಯಬೇಕು, ಅವನು ಹಾಡುವ ಪದಗಳನ್ನು ಕೇಳಬೇಕು, ಅವನ ಪುರಾಣವನ್ನು ಓದಬೇಕು ಎಂಬ ಅರಿವು ಅವರನ್ನು ಅವರೆಣಿಸದ ಕಡೆಗೆ ಕರೆದೊಯ್ದಿತು.

ಆದರೆ ಆ ಕಾಲದ ಪ್ರಚಾರವೆಲ್ಲ ಹೀಗೇ ಇತ್ತೆಂದು ತಿಳಿಯಬಾರದು. ಈ ನಾಡಿನ ದೇವರುಗಳನ್ನೂ ಆಚಾರಗಳನ್ನೂ ಹೀನಾಯವಾಗಿ ಹಳಿಯುವ ಕಿರುಹೊತ್ತಿಗೆಗಳೂ ಸಂತೆ, ಜಾತ್ರೆಗಳಲ್ಲಿ ಹಂಚಿಕೆಯಾದವು; ಅವು ಎಬ್ಬಿಸಿದ ನೋವು ಬೇಗ ಆರಲಿಲ್ಲ. 1844ರಲ್ಲಿ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಮಂಗಳೂರಿನಲ್ಲಿ ದೊಡ್ಡ ಕೋಲಾಹಲವೇ ಎದ್ದಿತು; ಮುಂದೆ ಬಾಸೆಲ್‌ನಲ್ಲಿ ಓದಿ ಬಂದ ಆತ ಬೋಧಕನಾಗಿ ದುಡಿದನು. ಜಾತಿ, ಮನೆ, ಕಸುಬು ಕಳೆದುಕೊಂಡ ಹೊಸ ವಿಶ್ವಾಸಿಗಳಿಗೆ ಜೀವನೋಪಾಯ ಬೇಕಾಗಿ ನೇಯ್ಗೆಯ ಕಾರ್ಖಾನೆಗಳೂ, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯೂ ಹುಟ್ಟಿದವು. ಪರಲೋಕದ ಮಾತನ್ನು ಹೇಳಿದವರಿಗೆ ಕೇಳಿದವರ ಇಹದ ಹೊಣೆಯೂ ಅಂಟಿಕೊಂಡಿತು. ಅದನ್ನು ಹೊರಲು ಒಪ್ಪಿದ್ದು ಅವರ ಪರವಾಗಿ ಹೇಳಬೇಕಾದ ಮಾತು.

ಇಂದಿನ ಚಿಕ್ಕಮಗಳೂರು ಜಿಲ್ಲೆ, ಆಗ ಕಡೂರು ಜಿಲ್ಲೆಯೆಂಬ ಹೆಸರಿನದು, ಮೈಸೂರು ಸಂಸ್ಥಾನಕ್ಕೆ ಸೇರಿದ್ದುದರಿಂದ ಇಲ್ಲಿ ಮುಖ್ಯವಾಗಿ ಓಡಾಡಿದವರು ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ನಿನವರು. ಬೆಂಗಳೂರು, ಗುಬ್ಬಿ, ತುಮಕೂರು, ಮೈಸೂರುಗಳಿಂದ ಹಾಸನ, ಚಿಕ್ಕಮಗಳೂರು, ಶಿವಮೊಗ್ಗದವರೆಗೆ ಹಬ್ಬಿದ ಅವರ ಕೆಲಸ ಶಾಲೆ, ಆಸ್ಪತ್ರೆ, ಅಚ್ಚುಕೂಟಗಳ ರೂಪದಲ್ಲಿ ಹೆಚ್ಚು ಕಂಡಿತು. ಆ ಪರಂಪರೆಯೇ 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯಲ್ಲಿ ಲೀನವಾಯಿತು. ಕಾಫಿ ತೋಟಗಳ ದುಡಿಮೆಗೆ ಘಟ್ಟ ಹತ್ತಿ ಬಂದ ಕರಾವಳಿಯ ಕೊಂಕಣಿ ಕಥೋಲಿಕರದು ಬೇರೆಯೇ ಕವಲು. 1963ರಲ್ಲಿ ಚಿಕ್ಕಮಗಳೂರು ಪ್ರತ್ಯೇಕ ಧರ್ಮಪ್ರಾಂತವಾಯಿತು. ಇವೆರಡರ ಜೊತೆಗೆ ಬ್ರೆದರನ್, ಪೆಂಟಕೋಸ್ಟಲ್ ಮತ್ತು ಸ್ವತಂತ್ರ ಪ್ರಾರ್ಥನಾ ಕೂಟಗಳ ಪ್ರಭಾವ ಕಳೆದ ಕೆಲವು ದಶಕಗಳಲ್ಲಿ ಕನ್ನಡ ನಾಡಿನ ಸಣ್ಣ ಊರುಗಳಿಗೂ ತಲುಪಿದೆ. ಅಂತ್ಯಕಾಲದ ಬೋಧನೆ ಹಳೆಯ ಸಭೆಗಳಲ್ಲಿ ಆರಾಧನೆಯ ಪಂಚಾಂಗಕ್ಕೆ ಸೇರಿದ ಶಾಂತವಾದ ಸ್ಮರಣೆಯಾಗಿದ್ದರೆ, ಈ ಕೂಟಗಳಲ್ಲಿ ಅದು ಪ್ರತಿವಾರದ ಉಸಿರು.

ಈಗ ಆ ಉಸಿರಿಗೆ ಮೊಬೈಲ್ ಫೋನೂ ಸೇರಿದೆ. ಇಸ್ರೇಲಿನಲ್ಲಿ ಯುದ್ಧವಾದರೆ, ಎಲ್ಲೋ ಭೂಕಂಪವಾದರೆ, ಹೊಸ ಗುರುತಿನ ಚೀಟಿಯೋ ಲಸಿಕೆಯೋ ಬಂದರೆ, ಅದೇ ಪ್ರಕಟನೆಯಲ್ಲಿ ಹೇಳಿದ ಮೃಗದ ಗುರುತು, ಇದೇ ಕೊನೆಯ ಸೂಚನೆ ಎನ್ನುವ ವಿಡಿಯೊಗಳು ಗಂಟೆಗಳೊಳಗೆ ಕನ್ನಡದಲ್ಲೇ ಬರುತ್ತವೆ. ಇಂಥ ಲೆಕ್ಕಗಳ ಗತಿ ಏನಾಗುತ್ತದೆಂಬುದಕ್ಕೆ ಬೆಂಗೆಲನೊಬ್ಬನೇ ಉದಾಹರಣೆಯಲ್ಲ: ಅಮೆರಿಕದಲ್ಲಿ ವಿಲಿಯಂ ಮಿಲ್ಲರನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕ್ರಿಸ್ತನು ಬರುವನೆಂದು ಕಾದು ಕುಳಿತು, ಬೆಳಗಾದ ಮೇಲೆ ಅಳುತ್ತ ಮನೆಗೆ ಹೋದರು, ಬೆಳೆಯನ್ನು ಕೊಯ್ಯದೆ ಬಿಟ್ಟವರೂ ಅವರಲ್ಲಿದ್ದರು. ಅಂಥ ದಿನಗಳ ಮರುದಿನ ನಾಚಿಕೆಗೆ ಗುರಿಯಾಗುವುದು ಲೆಕ್ಕ ಹಾಕಿದವನಿಗಿಂತ ಅವನನ್ನು ನಂಬಿ ನೆರೆಹೊರೆಗೆ ಹೇಳಿಬಂದ ಸಾಮಾನ್ಯ ವಿಶ್ವಾಸಿ. ಭಯದಿಂದ ಬಂದವನು ಭಯ ಇಳಿದೊಡನೆ ಹೋಗುತ್ತಾನೆ ಎಂಬುದಕ್ಕಿಂತ ದೊಡ್ಡ ಆಕ್ಷೇಪವೊಂದಿದೆ: ಯೇಸು ತಾನೇ ಅರಿಯೆನೆಂದದ್ದನ್ನು ಅವನ ಹೆಸರಿನಲ್ಲಿ ಅರಿತೆವೆಂದು ಹೇಳುವುದು ಸಾಕ್ಷಿಯಲ್ಲ, ಸುಳ್ಳುಸಾಕ್ಷಿ.

ಸಾಕ್ಷಿ ಹೇಳುವುದಕ್ಕೆ ಈ ದೇಶದಲ್ಲಿ ಕಾನೂನಿನ ಗಡಿಯೂ ಇದೆ, ರಕ್ಷಣೆಯೂ ಇದೆ. ಸಂವಿಧಾನದ 25ನೆಯ ವಿಧಿ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಟ್ಟು ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. 1977ರ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರಚಾರದ ಹಕ್ಕೆಂದರೆ ತನ್ನ ಧರ್ಮದ ತತ್ತ್ವವನ್ನು ವಿವರಿಸಿ ತಿಳಿಸುವ ಹಕ್ಕೇ ಹೊರತು ಮತ್ತೊಬ್ಬರನ್ನು ಮತಾಂತರಿಸುವ ಹಕ್ಕಲ್ಲವೆಂದು ತೀರ್ಪಿತ್ತಿತು. ಕರ್ನಾಟಕದಲ್ಲಿ 2022ರಲ್ಲಿ ಬಲವಂತ, ಆಮಿಷ, ವಂಚನೆಗಳ ಮತಾಂತರವನ್ನು ತಡೆಯುವ ಹೆಸರಿನಲ್ಲಿ ಕಾಯ್ದೆ ಬಂತು, 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಅದನ್ನು ರದ್ದುಪಡಿಸುವ ತೀರ್ಮಾನ ಕೈಗೊಂಡಿತು. ಈ ವಾದವಿವಾದದ ನಡುವೆ, ಮನೆಯಲ್ಲಿ ಹತ್ತು ಜನ ಸೇರಿ ಪ್ರಾರ್ಥಿಸುವ ಬಡ ಕುಟುಂಬಗಳು ಸಂಶಯದ ಕಣ್ಣಿಗೆ ಗುರಿಯಾದದ್ದೂ ಉಂಟು. ಅದು ಸರಿಯಲ್ಲವೆಂದು ಸ್ಪಷ್ಟವಾಗಿ ಹೇಳಲೇಬೇಕು. ಆಮಿಷ ಒಡ್ಡಬಾರದೆಂಬ ಮಾತಿಗಾದರೋ ಕ್ರೈಸ್ತನಿಗೆ ಕಾಯ್ದೆಯ ಅಗತ್ಯವಿಲ್ಲ, ಅವನ ಗ್ರಂಥವೇ ಅದನ್ನು ಹೇಳುತ್ತದೆ.

ಪೇತ್ರನ ಮೊದಲನೆಯ ಪತ್ರದ 3ನೆಯ ಅಧ್ಯಾಯದಲ್ಲಿ ಈ ವಿಷಯದ ಕ್ರಮವೇ ಇದೆ: ನಿಮ್ಮಲ್ಲಿರುವ ನಿರೀಕ್ಷೆಗೆ ಕಾರಣವೇನೆಂದು ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಬೇಕು, ಆ ಉತ್ತರ ಸಾತ್ವಿಕತ್ವದಿಂದಲೂ ಗೌರವದಿಂದಲೂ ಕೂಡಿರಬೇಕು ಎಂಬುದು ಅದರ ಅರ್ಥ. ಇಲ್ಲಿ ಪ್ರಶ್ನೆ ಮೊದಲು, ಉತ್ತರ ಆಮೇಲೆ. ಹಳ್ಳಿಗಳಲ್ಲಿ ಆ ಪ್ರಶ್ನೆ ಸಾಮಾನ್ಯವಾಗಿ ಹುಟ್ಟುವುದು ಸಾವಿನ ಮನೆಯಲ್ಲಿ. ಕ್ರೈಸ್ತ ಮನೆಯಲ್ಲಿ ಯಾರಾದರೂ ತೀರಿಕೊಂಡಾಗ ಒಕ್ಕಲಿಗರು, ಲಿಂಗಾಯತರು, ಮುಸಲ್ಮಾನರೆನ್ನದೆ ಊರಿನವರು ಬಂದು ನಿಲ್ಲುತ್ತಾರೆ, ಸಭಾಪಾಲಕರೋ ಫಾದರೋ ಓದುವ ಪುನರುತ್ಥಾನದ ವಾಕ್ಯಗಳನ್ನು ಕೇಳುತ್ತಾರೆ, ಮಣ್ಣು ಹಾಕುತ್ತಾರೆ. ಪ್ರವಾದನೆಯ ಪಟಗಳನ್ನು ತೂಗುಹಾಕಿ ಮಾಡುವ ಭಾಷಣಕ್ಕಿಂತ ಕ್ರೈಸ್ತ ನಿರೀಕ್ಷೆಯನ್ನು ನೆರೆಯವರು ಹೆಚ್ಚು ಹತ್ತಿರದಿಂದ ಕಾಣುವುದು ಇಲ್ಲಿಯೇ. ಸತ್ತವರು ಏಳುವರೆಂದು ನಂಬಿದವರು ದುಃಖವನ್ನು ಹೇಗೆ ಹೊರುತ್ತಾರೆ, ವಿಧವೆಯನ್ನೂ ಮಕ್ಕಳನ್ನೂ ಸಭೆ ಮುಂದೆ ಹೇಗೆ ನೋಡಿಕೊಳ್ಳುತ್ತದೆ ಎಂಬುದನ್ನು ಅವರು ವರ್ಷಗಳವರೆಗೆ ಗಮನಿಸುತ್ತಾರೆ. ಮುಂದೊಂದು ದಿನ ಅವರಲ್ಲೊಬ್ಬರು, ನಿಮ್ಮ ಸ್ವಾಮಿ ಬರುವುದು ಯಾವಾಗ ಎಂದು ಕೇಳಿದರೆ, ಅದು ತಮಗೆ ತಿಳಿಯದೆಂದು ಆ ಮನೆಯವರು ಸಂಕೋಚವಿಲ್ಲದೆ ಹೇಳಬಹುದು, ತಾವು ಅವನನ್ನು ಏಕೆ ಕಾಯುತ್ತಿದ್ದೇವೆಂಬುದನ್ನು ಆ ಬಳಿಕ ವಿವರಿಸಬಹುದು.